ಒಂದೇ ಆಲ್ಬಂಗೆ ನಾಲ್ಕು ಕಥೆ ಇದ್ದರೆ: ನಗದು ಯಾವುದು, ಉದ್ರಿ ಯಾವುದು

ಹೋದ ವರ್ಷ ಶ್ರಾವಣದ ಒಂದು ಭಾನುವಾರ ನನ್ನ ಅಂಗಡಿ ಮೇಲಿನ ರೂಮಿನಲ್ಲಿ ಇಬ್ಬರು ಇಂಜಿನಿಯರಿಂಗ್ ಹುಡುಗರು ಮಾತು ಬಿಟ್ಟರು. ಜಗಳ ದುಡ್ಡಿಗಲ್ಲ, ಹುಡುಗಿಗಲ್ಲ. ಲಂಡನ್ನಿನಲ್ಲಿ 1969ರ ಜನವರಿಯಲ್ಲಿ ನಾಲ್ಕು ಜನ ಕೂತು ನುಡಿಸಿದ ಒಂದು ಆಲ್ಬಂಗೆ. ಜಾನ್, ಪಾಲ್, ಜಾರ್ಜ್, ರಿಂಗೋ ಅನ್ನೋ ನಾಲ್ವರ ಬೀಟಲ್ಸ್ ಗುಂಪಿನ ‘ಲೆಟ್ ಇಟ್ ಬಿ’. ಫಿಲ್ ಸ್ಪೆಕ್ಟರ್ ಅನ್ನೋ ರೆಕಾರ್ಡಿಂಗ್ ಪ್ರೊಡ್ಯೂಸರ್ ಅದನ್ನು ಕೆಡಿಸಿದ ಅಂತ ಒಬ್ಬ. ಅವನು ಕೈ ಹಾಕದಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ ಅಂತ ಇನ್ನೊಬ್ಬ. ತಂದಿಟ್ಟ ಮಿರ್ಚಿ ತಣ್ಣಗಾಗೋವರೆಗೆ ಕೂಗಾಡಿದರು. ಇಬ್ಬರ ಹತ್ತಿರವೂ ಬೇಕಾದಷ್ಟು ಕಥೆಗಳಿದ್ದವು. ಆದರೆ ಆ ಎರಡು ಗಂಟೆಯಲ್ಲಿ ಒಬ್ಬನಾದರೂ ಆಲ್ಬಂ ಹಾಕಿ ಕೇಳಲಿಲ್ಲ.

ನಾನು ಸಂಗೀತಗಾರನಲ್ಲ. 1984ರಲ್ಲಿ ದಾವಣಗೆರೆಯ ಅಶೋಕ ರಸ್ತೆ ಕಡೆ ಒಂದು ಕ್ಯಾಸೆಟ್ ಅಂಗಡಿ ಹಾಕಿದೆ. ಚೀಟಿಯಲ್ಲಿ ಹಾಡಿನ ಹೆಸರು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದೆ. ಕಾನೂನಿನ ಪ್ರಕಾರ ತಪ್ಪೇ. ಆಗ ಊರೂರಲ್ಲೂ ಅದೇ ನಡೆಯುತ್ತಿತ್ತು. ಅಣ್ಣಾವ್ರ ಹಾಡು, ಭಾವಗೀತೆ, ಕಂಪನಿ ನಾಟಕದ ಹಾಡು ಕೇಳೋರು ಜಾಸ್ತಿ. ಇಂಗ್ಲಿಷ್ ಹಾಡಿಗೆ ಬರುತ್ತಿದ್ದವರು ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಹುಡುಗರು ಮಾತ್ರ. ಈಗ ಅದೇ ಅಂಗಡಿಯಲ್ಲಿ ಮಗ ಮೊಬೈಲ್ ಕವರ್, ಚಾರ್ಜರ್ ಮಾರುತ್ತಾನೆ. ಮೇಲಿನ ರೂಮು ನನಗೆ ಬಿಟ್ಟಿದ್ದಾನೆ. ಅಲ್ಲಿ ಒಂದು ಹಳೇ ಡೆಕ್, ಎರಡು ಸ್ಪೀಕರ್, ಭಾನುವಾರಕ್ಕೆ ನಾಲ್ಕೈದು ಹುಡುಗರು.

ಜಗಳ ಆದ ಮುಂದಿನ ವಾರ ಅವರಿಗೆ ಒಂದು ಪದ್ಧತಿ ಹೇಳಿಕೊಟ್ಟೆ. ಅಂಗಡಿಯವನ ಪದ್ಧತಿ. ನಿಮಗೂ ಇಷ್ಟದ ಯಾವುದಾದರೂ ಹಳೇ ಆಲ್ಬಂ ಇರುತ್ತದಲ್ಲ, ಎರಡು ಮೂರು ಸಲ ಹೊಸದಾಗಿ ಬಂದಿದ್ದು, ಒಬ್ಬೊಬ್ಬರು ಒಂದೊಂದು ಕಥೆ ಹೇಳೋದು? ಅದಕ್ಕೂ ಇದೇ ನಡೆಯುತ್ತದೆ.

ಎರಡು ಪುಸ್ತಕ ಇಡಿ

ನಮ್ಮ ಊರಿನ ಅಂಗಡಿಗಳಲ್ಲಿ ನಗದಿಗೆ ಒಂದು ಪುಸ್ತಕ, ಉದ್ರಿಗೆ ಒಂದು ಪುಸ್ತಕ. ಗಲ್ಲಾಕ್ಕೆ ಬಿದ್ದದ್ದು ನಗದು. ‘ನಾಳೆ ಕೊಡ್ತೀನಿ’ ಅಂದದ್ದು ಉದ್ರಿ. ಉದ್ರಿ ಅಂದರೆ ಸುಳ್ಳು ಅಂತಲ್ಲ. ಇನ್ನೂ ಕೈಗೆ ಬಂದಿಲ್ಲ, ಅಷ್ಟೇ. ಕೆಲವು ಬರುತ್ತವೆ. ಕೆಲವು ಬಾರದ ಬಾಕಿ ಆಗಿ ಪುಸ್ತಕದಲ್ಲೇ ಉಳಿಯುತ್ತವೆ.

ಆಲ್ಬಂ ಕಥೆಗಳಿಗೂ ಒಂದು ನೋಟ್‌ಬುಕ್ ತಗೊಂಡು ನಡುವೆ ಗೆರೆ ಎಳೆಯಿರಿ. ನಿಮ್ಮ ಕಿವಿಯಲ್ಲಿ ನೀವೇ ಕೇಳಿ ಖಾತ್ರಿ ಮಾಡಿಕೊಂಡದ್ದು ಎಡಕ್ಕೆ, ನಗದು. ಆಗಲೇ ತಾರೀಕು ಹಾಕಿ ಬರೆದಿಟ್ಟ ಕಾಗದದಲ್ಲಿ ಇರುವುದೂ ಎಡಕ್ಕೆ. ಉಳಿದದ್ದೆಲ್ಲ ಬಲಕ್ಕೆ. ಕನ್ನಡದಲ್ಲಿ ಈ ಕೆಲಸ ಬಹಳ ಸುಲಭ. ‘ಬಂದ’ ಬೇರೆ, ‘ಬಂದನಂತೆ’ ಬೇರೆ. ಬಲಗಡೆ ಬರೆಯುವ ಪ್ರತಿ ವಾಕ್ಯವನ್ನೂ ‘ಅಂತೆ’ ಹಚ್ಚಿಯೇ ಮುಗಿಸಿ. ಸ್ಪೆಕ್ಟರ್ ಕೆಡಿಸಿದನಂತೆ. ಪಾಲ್‌ಗೆ ಗೊತ್ತೇ ಇರಲಿಲ್ಲವಂತೆ. ಹಾಗೆ ಬರೆದ ಕೂಡಲೇ ಅರ್ಧ ಜಗಳ ತಣ್ಣಗಾಗುತ್ತದೆ. ನಮ್ಮ ಹುಡುಗರಿಬ್ಬರೂ ಅವತ್ತು ಬಲಗಡೆಯ ಮಾತನ್ನೆಲ್ಲ ಎಡಗಡೆಯ ದನಿಯಲ್ಲಿ ಆಡುತ್ತಿದ್ದರು.

ಇನ್ನೊಂದು ಮಾತು. ‘ಕೆಡಿಸಿದನಾ?’ ಅನ್ನೋದನ್ನು ಪ್ರಶ್ನೆಯಾಗಿ ಬರೆಯಬೇಡಿ. ಅದಕ್ಕೆ ಉತ್ತರ ಸಿಗುವುದಿಲ್ಲ. ‘ಏನು ಸೇರಿಸಿದ? ಯಾವತ್ತು? ಅವತ್ತು ಯಾರು ಯಾರು ಅಲ್ಲಿದ್ದರು?’ ಹೀಗೆ ಕೇಳಿ.

ಮೊದಲು ತಾರೀಕು

ಹಾಡು ಕೇಳುವುದಕ್ಕೂ ಮುಂಚೆ ಒಂದು ಪುಟ ತಾರೀಕು ಬರೆದುಕೊಳ್ಳಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಎಷ್ಟೋ ಕಥೆಗಳು ಇಲ್ಲೇ ಬಿದ್ದುಹೋಗುತ್ತವೆ.

ನಮ್ಮ ಪುಟ ಹೀಗಿತ್ತು. 1969ರ ಜನವರಿ 2ರಂದು ಟ್ವಿಕನ್‌ಹ್ಯಾಮ್ ಅನ್ನೋ ಸಿನಿಮಾ ಸ್ಟುಡಿಯೋದಲ್ಲಿ ಕ್ಯಾಮೆರಾ ಎದುರು ಶುರು. 10ನೇ ತಾರೀಕು ಜಾರ್ಜ್ ಹ್ಯಾರಿಸನ್ ಎದ್ದು ಹೋದ. ಅವನು ತಿರುಗಿ ಬಂದ ಮೇಲೆ 21ರಿಂದ ತಮ್ಮದೇ ಆಫೀಸಿನ ನೆಲಮಾಳಿಗೆಯಲ್ಲಿ ಮತ್ತೆ ಶುರು. ಮಾರನೇ ದಿನ ಕೀಬೋರ್ಡ್ ನುಡಿಸುವ ಬಿಲ್ಲಿ ಪ್ರೆಸ್ಟನ್ ಸೇರಿಕೊಂಡ. 30ಕ್ಕೆ ಅದೇ ಆಫೀಸಿನ ಮಾಳಿಗೆ ಮೇಲೆ ಹತ್ತಿ ಸುಮಾರು 42 ನಿಮಿಷ ನುಡಿಸಿದರು. 31ಕ್ಕೆ ಮುಗಿಯಿತು. ಗ್ಲಿನ್ ಜಾನ್ಸ್ ಅನ್ನೋ ಇಂಜಿನಿಯರ್ ಆ ಟೇಪುಗಳಿಂದ ಅದೇ ಮೇ ತಿಂಗಳಲ್ಲಿ ಒಂದು ಆಲ್ಬಂ ಜೋಡಿಸಿಕೊಟ್ಟ. ಬೇಡ ಅಂದರು. 1970ರ ಜನವರಿಯಲ್ಲಿ ಇನ್ನೊಂದು ಜೋಡಿಸಿದ. ಅದೂ ಬೇಡ. ಮಾರ್ಚ್ 23ಕ್ಕೆ ಟೇಪುಗಳು ಸ್ಪೆಕ್ಟರ್ ಕೈಗೆ. ಏಪ್ರಿಲ್ 1ಕ್ಕೆ ಆರ್ಕೆಸ್ಟ್ರಾ ಸೇರಿತು. 10ಕ್ಕೆ ಪಾಲ್ ಮೆಕಾರ್ಟ್ನಿ ಗುಂಪು ಬಿಟ್ಟ ಸುದ್ದಿ ಪೇಪರಿನಲ್ಲಿ. ಮೇ 8ಕ್ಕೆ ಆಲ್ಬಂ ಅಂಗಡಿಗೆ. ಆಮೇಲೆ 2003ರ ನವೆಂಬರ್‌ನಲ್ಲಿ ‘ಲೆಟ್ ಇಟ್ ಬಿ... ನೇಕೆಡ್’, ಅಂದರೆ ಸ್ಪೆಕ್ಟರ್ ಹಾಕಿದ ಒಡವೆ ವಸ್ತ್ರ ಕಳಚಿದ್ದು. 2021ರಲ್ಲಿ ಪೀಟರ್ ಜಾಕ್ಸನ್‌ನ ಸುಮಾರು 8 ಗಂಟೆಯ ಸಾಕ್ಷ್ಯಚಿತ್ರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಈ ಆಲ್ಬಂನ ಹಲವು ಡಿಸ್ಕ್ ತುಂಬಿದ ದೊಡ್ಡ ಪೆಟ್ಟಿಗೆಯೊಂದು ಬಂತು. ಗ್ಲಿನ್ ಜಾನ್ಸ್ ಜೋಡಿಸಿದ್ದ ಆಲ್ಬಂ ಕೂಡ ಅದರಲ್ಲಿತ್ತು. 52 ವರ್ಷ ಕಪಾಟಿನಲ್ಲಿ ಕೂತಿದ್ದ ಮಾಲು.

ಈಗ ಒಂದು ಕಥೆ ಹಿಡಿದು ಈ ಪುಟದ ಪಕ್ಕ ಇಡಿ. ಆ ಜನವರಿಯಲ್ಲಿ ಕ್ಯಾಮೆರಾ ಹಿಡಿದದ್ದರಿಂದ ಮಾಡಿದ 1970ರ ಸಿನಿಮಾದಲ್ಲಿ ಪಾಲ್ ಮತ್ತು ಜಾರ್ಜ್ ಕೊಂಕು ಮಾತಾಡಿಕೊಳ್ಳುವ ದೃಶ್ಯ ಒಂದಿದೆ. ನೋಡಿದವರೆಲ್ಲ ‘ಅದಕ್ಕೇ ಜಾರ್ಜ್ ಬಿಟ್ಟು ಹೋದ’ ಅಂದರು. ಆದರೆ ಆ ಮಾತುಕತೆ ನಡೆದದ್ದು ಜನವರಿ 6ಕ್ಕೆ. ಅವನು ಎದ್ದದ್ದು 10ಕ್ಕೆ. ನಡುವೆ ನಾಲ್ಕು ದಿನ ಇದೆ. ನಾಲ್ಕು ದಿನದ ಹಿಂದೆ ತಿಂದ ದೋಸೆಗೆ ಇವತ್ತಿನ ಹೊಟ್ಟೆನೋವು ಕಟ್ಟಬಹುದಾ? ಕಟ್ಟಬಹುದೇನೋ. ಆದರೆ ‘ಅಂತೆ’ ಹಚ್ಚಿ.

‘ಅದು ಅವರ ಕೊನೆಯ ಆಲ್ಬಂ’ ಅನ್ನೋದೂ ಹೀಗೇ. ಅಂಗಡಿಗೆ ಬಂದದ್ದು ಕೊನೆಗೆ, ನಿಜ. ಆದರೆ ಬಹುಪಾಲು ನುಡಿಸಿದ್ದು ಅವರದೇ ‘ಅಬೀ ರೋಡ್’ ಆಲ್ಬಂಗಿಂತ ಮುಂಚೆ. ಅಲ್ಲಿ ಕೇಳಿಸುವ ಸುಸ್ತನ್ನು ‘ಸಾಯುವ ಮುಂಚಿನ ದನಿ’ ಅಂತ ಬರೆದವರು ಬಹಳ. ಅದಾದ ಮೇಲೆ ಆ ನಾಲ್ವರೂ ಎದ್ದು ಇನ್ನೊಂದು ಆಲ್ಬಂ ಮಾಡಿದ್ದಾರೆ.

ಕೇಳೋ ಮುಂಚೆ

ಹೆಚ್ಚೇನೂ ಬೇಡ. ತಂತಿ ಇರುವ ಒಂದು ಇಯರ್‌ಫೋನ್, ಒಂದು ಸ್ಟಾಪ್‌ವಾಚ್, ಅಂದರೆ ನಿಮ್ಮ ಫೋನೇ ಸಾಕು. ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಫೋನಿನ ಆ್ಯಪ್‌ನಲ್ಲಿ ಕೇಳುತ್ತಿದ್ದರೆ ಹಾಡಿನ ಹೆಸರಿನ ಮುಂದೆ ಸಣ್ಣಕ್ಷರದಲ್ಲಿ ಬರೆದಿದ್ದನ್ನು ಓದಿ. 2009ರ ರಿಮಾಸ್ಟರ್ ಬೇರೆ, 2021ರ ಮಿಕ್ಸ್ ಬೇರೆ. ಮಿಕ್ಸ್ ಅಂದರೆ ಬೇರೆ ಬೇರೆ ತುಂಬಿಸಿದ ದನಿ, ವಾದ್ಯಗಳನ್ನು ಏರಿಸಿ ಇಳಿಸಿ ಒಂದು ಮಾಡಿದ್ದು. ರಿಮಾಸ್ಟರ್ ಅಂದರೆ ಹಳೇ ಮಿಕ್ಸನ್ನೇ ತೊಳೆದು ಇಸ್ತ್ರಿ ಹಾಕಿದ್ದು. ಹೊಸ ಮಿಕ್ಸ್ ಅಂದರೆ ಬಟ್ಟೆ ಬಿಚ್ಚಿ ಮತ್ತೆ ಹೊಲಿದದ್ದು. ಅದನ್ನು ನೋಡದೆ ‘1970ರದ್ದು ಹೀಗಿತ್ತು’ ಅನ್ನಬೇಡಿ. ನಮ್ಮ ಹುಡುಗನೊಬ್ಬ ಹದಿನೈದು ದಿನ 2021ರ ಮಿಕ್ಸ್ ಕೇಳಿಕೊಂಡು ಸ್ಪೆಕ್ಟರ್‌ನ ಡ್ರಮ್ ಶಬ್ದವನ್ನು ಹೊಗಳುತ್ತಿದ್ದ.

ಮುಖ್ಯವಾದದ್ದು ವಾಲ್ಯೂಮ್. ಎರಡು ಮಿಕ್ಸ್ ಹೋಲಿಸುವಾಗ ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಅನ್ನಿಸುತ್ತದೆ. ಕಿವಿಯ ಗುಣ ಅದು. ಹಾಡುಗಾರನ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ಹಾಗೆ ಮೊದಲು ಸರಿ ಮಾಡಿಕೊಳ್ಳಿ. ಸ್ಕ್ರೀನು ನಿಮಗೆ ಕಾಣದ ಹಾಗೆ ಬೇರೆಯವರ ಕೈಗೆ ಫೋನ್ ಕೊಡಿ. ಅವರು ಒಂದಾದ ಮೇಲೆ ಒಂದು ಹಾಕಲಿ, ಯಾವುದು ಅಂತ ಹೇಳದೆ.

ನಾವು ಇದನ್ನು ‘ಅಕ್ರಾಸ್ ದ ಯೂನಿವರ್ಸ್’ ಹಾಡಿಗೆ ಮಾಡಿದೆವು. ಆ ಹಾಡಿನ ಜಾತಕವೇ ಮಜಾ. ನುಡಿಸಿದ್ದು 1968ರ ಫೆಬ್ರವರಿಯಲ್ಲಿ. 1969ರ ಡಿಸೆಂಬರ್‌ನಲ್ಲಿ ಕಾಡುಪ್ರಾಣಿಗಳ ನೆರವಿಗೆ ಅಂತ ತಂದ ಒಂದು ಆಲ್ಬಂನಲ್ಲಿ ಮೊದಲು ಬಂತು. ಅದರಲ್ಲಿ ಹಕ್ಕಿ ದನಿ ಇದೆ, ಟೇಪಿನ ವೇಗ ಜಾಸ್ತಿ ಮಾಡಿದ್ದಾರೆ. ಸ್ಪೆಕ್ಟರ್ ವೇಗ ತಗ್ಗಿಸಿ ಆರ್ಕೆಸ್ಟ್ರಾ ಸೇರಿಸಿದ. ನೇಕೆಡ್‌ನಲ್ಲಿ ಆರ್ಕೆಸ್ಟ್ರಾ ಇಲ್ಲ. ಕಣ್ಣು ಮುಚ್ಚಿಸಿ ಮೂರನ್ನೂ ಕೇಳಿಸಿದೆ. ಸ್ಪೆಕ್ಟರ್ ಕೆಡಿಸಿದ ಅಂತ ಗಂಟಲು ಹರಿದುಕೊಂಡಿದ್ದವನು ಯಾವುದನ್ನು ಆರಿಸಿದ ಹೇಳಿ? ಸ್ಪೆಕ್ಟರ್‌ದೇ. ಹೇಳಿದ ಮೇಲೆ ಸುಮ್ನೆ ಕೂತ. ಇನ್ನೊಬ್ಬ ಹಕ್ಕಿ ಇರುವುದನ್ನು ಆರಿಸಿದ. ಅದಕ್ಕೂ ಜಗಳಕ್ಕೂ ಸಂಬಂಧವೇ ಇರಲಿಲ್ಲ.

ಕಿವಿಯಲ್ಲಿ ಅಳೆಯೋದು

ಸುಲಭದಿಂದ ಶುರು ಮಾಡಿ. ‘ಲೆಟ್ ಇಟ್ ಬಿ’ ಹಾಡನ್ನೇ ತಗೊಳ್ಳಿ. 1970ರ ಮಾರ್ಚ್ 6ಕ್ಕೆ ಬಂದ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್), ಮೇ ತಿಂಗಳ ಆಲ್ಬಂ, 2003ರ ನೇಕೆಡ್. ಮೂರನ್ನೂ ಸಾಲಾಗಿ ಹಾಕಿ, ನಡುವೆ ಬರುವ ಗಿಟಾರ್ ತುಣುಕು ಮಾತ್ರ ಕೇಳಿ. ಮೂರೂ ಬೇರೆ! ಹಾಡಿನ ಮೂಲ 1969ರ ಜನವರಿ 31ರದ್ದು. ಸಿಂಗಲ್‌ನ ಗಿಟಾರ್ ಅದೇ ವರ್ಷ ಏಪ್ರಿಲ್ 30ಕ್ಕೆ ಮೇಲೆ ಹೊದಿಸಿದ್ದು, ಅಂದರೆ ಮೊದಲಿನ ಟೇಪಿಗೆ ಆಮೇಲೆ ನುಡಿಸಿ ಸೇರಿಸಿದ್ದು. ಆಲ್ಬಂನದ್ದು 1970ರ ಜನವರಿ 4ರದ್ದು. ಅಂದರೆ ಸ್ಪೆಕ್ಟರ್ ಬಾಗಿಲು ತಟ್ಟುವ ಮುಂಚೆಯೇ ‘ಮೇಲೆ ಏನೂ ಹೊದಿಸೋದಿಲ್ಲ, ನುಡಿಸಿದ್ದು ನುಡಿಸಿದ ಹಾಗೆ’ ಅಂತ ಈ ಆಲ್ಬಂಗೆ ಹಿಡಿದಿದ್ದ ವ್ರತವನ್ನು ಅವರೇ ಮುರಿದಿದ್ದರು. ಇದು ನಗದು. ಎಡಕ್ಕೆ ಬರೆಯಿರಿ.

ಎರಡನೆಯದು ಸ್ಟಾಪ್‌ವಾಚ್ ಕೆಲಸ. ‘ಐ ಮಿ ಮೈನ್’. 1970ರ ಜನವರಿ 3ಕ್ಕೆ ಮೂವರೇ ಸೇರಿ ನುಡಿಸಿದರು, ಜಾನ್ ಲೆನನ್ ಇರಲಿಲ್ಲ. ನುಡಿಸಿದ್ದು 1 ನಿಮಿಷ 34 ಸೆಕೆಂಡ್. ಆಲ್ಬಂನಲ್ಲಿರುವುದು 2 ನಿಮಿಷ 25 ಸೆಕೆಂಡ್. ಉಳಿದ 51 ಸೆಕೆಂಡ್ ಎಲ್ಲಿಂದ ಬಂತು? ಸ್ಪೆಕ್ಟರ್ ಹಾಡಿನ ಒಂದು ತುಂಡನ್ನು ನಕಲು ಮಾಡಿ ಮತ್ತೆ ಅಂಟಿಸಿದ. ಇದನ್ನು ಹಿಡಿಯುವುದು ಹೇಗೆ ಅಂದರೆ, ಮನುಷ್ಯ ಎರಡು ಸಲ ಒಂದೇ ಥರ ಹಾಡುವುದಿಲ್ಲ. ಒಂದು ಸಾಲು ಎರಡನೇ ಸಲ ಬಂದಾಗ ಉಸಿರು, ಎಳೆತ, ಡ್ರಮ್ಮಿನ ಸಣ್ಣ ತಪ್ಪು ಎಲ್ಲವೂ ಹಾಗೇ ಇದ್ದರೆ ಅದು ಕತ್ತರಿಯ ಕೆಲಸ. ನನಗೆ ಇದು ಬೇಗ ಸಿಗುತ್ತದೆ. ಹದಿನೈದು ವರ್ಷ ಟೇಪು ಕತ್ತರಿಸಿ ಸೆಲ್ಲೋಟೇಪ್ ಹಚ್ಚಿದ ಕೈ ನನ್ನದು. ಈಗ ನೇಕೆಡ್ ಹಾಕಿ ನೋಡಿ. ಸ್ಪೆಕ್ಟರ್ ಹಾಕಿದ್ದನ್ನೆಲ್ಲ ಕಳಚುತ್ತೇವೆ ಅಂತ ಹೊರಟವರು ಈ ಹಿಗ್ಗಿಸಿದ್ದನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದಾರೆ.

‘ಗೆಟ್ ಬ್ಯಾಕ್’ ಇನ್ನೂ ತಮಾಷೆ. ಆಲ್ಬಂ ಕೇಳಿದರೆ ಮಾಳಿಗೆ ಮೇಲೆ ನುಡಿಸಿದ ಹಾಗೇ ಇದೆ. ಕೊನೆಗೆ ಜಾನ್ ಜನರಿಗೆ ಥ್ಯಾಂಕ್ಸ್ ಹೇಳಿ ಒಂದು ಜೋಕ್ ಬೇರೆ ಹೊಡೆಯುತ್ತಾನೆ. ಹಾಡು ಮಾತ್ರ ಮಾಳಿಗೆಯದ್ದಲ್ಲ. ಮೂರು ದಿನ ಮುಂಚೆ, ಜನವರಿ 27ಕ್ಕೆ, ಕೆಳಗೆ ಬಾಗಿಲು ಹಾಕಿಕೊಂಡು ನುಡಿಸಿದ್ದು. ಮಾಳಿಗೆಯ ಮಾತನ್ನು ಹಾಡಿನ ಬಾಲಕ್ಕೆ ಕಟ್ಟಿದ್ದಾರೆ. ಆ ಆಲ್ಬಂನಲ್ಲಿ ನಿಜವಾಗಿ ಮಾಳಿಗೆಯಿಂದ ಬಂದ ಹಾಡು ಮೂರೇ: ‘ಡಿಗ್ ಎ ಪೋನಿ’, ‘ಐವ್ ಗಾಟ್ ಎ ಫೀಲಿಂಗ್’, ‘ಒನ್ ಆಫ್ಟರ್ 909’. ಚಪ್ಪಾಳೆ, ಮಾತು, ನಗು ಇವನ್ನು ಯಾವತ್ತೂ ಸಾಕ್ಷಿಯಾಗಿ ಹಿಡಿಯಬೇಡಿ. ಎಲ್ಲಿಂದ ಬೇಕಾದರೂ ತಂದು ಹಚ್ಚಬಹುದು.

ಮೂರನೆಯದೇ ದೊಡ್ಡ ಪಂಚಾಯ್ತಿ. ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’. 1970ರ ಏಪ್ರಿಲ್ 1ಕ್ಕೆ ಸ್ಪೆಕ್ಟರ್ ಆರ್ಕೆಸ್ಟ್ರಾ, ಹಾರ್ಪ್, ಹಾಡುವ ಹೆಂಗಸರ ಗುಂಪು ಎಲ್ಲ ಸೇರಿಸಿದ್ದು ಈ ಹಾಡಿಗೇ. ಹುಡುಗರು ಏನು ಮಾಡುತ್ತಾರೆ ಅಂದರೆ, ಆಲ್ಬಂನದ್ದು ಒಂದು ಸಲ, ನೇಕೆಡ್‌ನದ್ದು ಒಂದು ಸಲ ಕೇಳಿ ‘ನೋಡಿ, ಆರ್ಕೆಸ್ಟ್ರಾ ತೆಗೆದರೆ ಹಾಡು ಎಷ್ಟು ಚೆನ್ನಾಗಿದೆ’ ಅನ್ನುತ್ತಾರೆ. ಅಲ್ಲೇ ಎಡವೋದು. ಆಲ್ಬಂನದ್ದು 1969ರ ಜನವರಿ 26ರ ಟೇಕ್, ಅಂದರೆ ಆ ದಿನ ಒಂದು ಸಲ ನುಡಿಸಿ ತುಂಬಿಸಿದ್ದು. ನೇಕೆಡ್‌ನದ್ದು 31ರ ಟೇಕ್. ಹಾಡೇ ಬೇರೆ ದಿನದ್ದು. ಒಂದು ಕಡೆ ಸಾಹಿತ್ಯದಲ್ಲೂ ಒಂದೆರಡು ಪದ ಬೇರೆ ಇವೆ, ಗಮನ ಇಟ್ಟು ಕೇಳಿದರೆ ಸಿಗುತ್ತದೆ. 26ರ ಟೇಕ್‌ನಲ್ಲಿ ಜಾನ್ ಬಾಸ್ ಗಿಟಾರಿನಲ್ಲಿ ತಪ್ಪು ತಪ್ಪು ಸ್ವರ ಹಿಡಿದಿದ್ದಾನೆ. ಆ ತಪ್ಪು ಮುಚ್ಚೋಕೇ ಸ್ಪೆಕ್ಟರ್ ಅಷ್ಟೊಂದು ವಯಲಿನ್ ಸುರಿದನಂತೆ. ಈ ‘ಅಂತೆ’ಯನ್ನು ಬಲಗಡೆಯೇ ಇಡಿ. ತಪ್ಪು ಸ್ವರ ಕೇಳಿಸುತ್ತದೆ, ಅದು ನಗದು. ಮುಚ್ಚೋಕೆ ಅನ್ನೋದು ಅವನ ಮನಸ್ಸಿನೊಳಗಿನ ಮಾತು, ಅದು ಉದ್ರಿ.

ನಿಜವಾಗಿ ಹೋಲಿಸಬೇಕಾದರೆ 26ರ ಟೇಕ್ ಆರ್ಕೆಸ್ಟ್ರಾ ಇಲ್ಲದೆ ಬೇಕು. ಅದು 1996ರಲ್ಲಿ ಬಂದ ‘ಆಂಥಾಲಜಿ 3’ ಅನ್ನೋ ಬೀಟಲ್ಸ್ ಸಂಗ್ರಹದಲ್ಲಿ ಇದೆ. ಅದನ್ನೂ ಆಲ್ಬಂನದ್ದನ್ನೂ ಅಕ್ಕಪಕ್ಕ ಇಟ್ಟು ಕೇಳಿ, ಆಮೇಲೆ ಬೈಯಿರಿ. ನಾನೂ ಬೈದೆ. ವಯಲಿನ್ನು ಸಹಿಸಬಹುದು, ಆ ಹೆಂಗಸರ ದನಿ ಮಾತ್ರ ನನಗೆ ಆಗುವುದಿಲ್ಲ. ಪಾಯಸಕ್ಕೆ ಎರಡನೇ ಸಲ ಸಕ್ಕರೆ ಹಾಕಿದ ಹಾಗೆ.

ನೇಕೆಡ್ ಅನ್ನೋ ಹೆಸರನ್ನೂ ಪೂರ್ತಿ ನಂಬಬೇಡಿ. ಅದರಲ್ಲಿರುವ ‘ಡೋಂಟ್ ಲೆಟ್ ಮಿ ಡೌನ್’ ಮಾಳಿಗೆ ಮೇಲೆ ಎರಡು ಸಲ ನುಡಿಸಿದ್ದನ್ನು ಸೇರಿಸಿ ಒಂದು ಮಾಡಿದ್ದು. ‘ಐವ್ ಗಾಟ್ ಎ ಫೀಲಿಂಗ್’ ಕೂಡ ಹಾಗೇ. ಬರೀ ಮೈ ಅಂತ ಹೇಳಿಕೊಂಡವರೂ ಒಳಗೆ ಹೊಲಿಗೆ ಹಾಕಿದ್ದಾರೆ.

ಯಾರು ಹೇಳಿದರು, ಯಾವಾಗ ಹೇಳಿದರು

ಈಗ ಮಾತುಗಳಿಗೆ ಬನ್ನಿ. ಪ್ರತಿ ಮಾತಿನ ಪಕ್ಕ ಅದನ್ನು ಆಡಿದ ವರ್ಷ ಬರೆಯಿರಿ. ಹತ್ತು ದಿನದೊಳಗೆ ಆಡಿದ್ದು ಬೇರೆ, ಮೂವತ್ತು ವರ್ಷ ಆದಮೇಲೆ ಆಡಿದ್ದು ಬೇರೆ.

‘ಪಾಲ್‌ಗೆ ಆರ್ಕೆಸ್ಟ್ರಾನೇ ಬೇಡವಾಗಿತ್ತು’ ಅಂತ ಎಲ್ಲರೂ ಹೇಳುತ್ತಾರೆ. ಪಾಲ್ 1970ರ ಏಪ್ರಿಲ್ 14ಕ್ಕೆ, ಅಂದರೆ ಆರ್ಕೆಸ್ಟ್ರಾ ಸೇರಿಸಿ ಎರಡು ವಾರ ಆಗುವ ಮುಂಚೆ, ಮ್ಯಾನೇಜರ್ ಅಲನ್ ಕ್ಲೈನ್‌ಗೆ ಒಂದು ಕಾಗದ ಬರೆದ. ಅದರಲ್ಲಿ ಕೇಳಿದ್ದೇನು? ವಯಲಿನ್, ತುತ್ತೂರಿ, ಹಾಡುವವರ ದನಿ ಇಳಿಸಿ. ನನ್ನ ದನಿ, ನಮ್ಮ ವಾದ್ಯ ಏರಿಸಿ. ಹಾರ್ಪ್ ತೆಗೆದುಬಿಡಿ. ಇನ್ನೊಮ್ಮೆ ಹೀಗೆ ಮಾಡಬೇಡಿ. ‘ಇಳಿಸಿ’ ಅಂದಿದ್ದಾನೆ, ‘ಎಲ್ಲಾ ತೆಗೆಯಿರಿ’ ಅಂದಿಲ್ಲ. ತೆಗೆಯಿರಿ ಅಂದದ್ದು ಹಾರ್ಪ್ ಒಂದನ್ನೇ. ಕಾಗದ ಓದುವಾಗ ಕ್ರಿಯಾಪದದ ಮೇಲೆ ಬೆರಳಿಟ್ಟು ಓದಬೇಕು ಅಂತ ಹುಡುಗರಿಗೆ ಹೇಳಿದ್ದು ಇದಕ್ಕೇ. ಕಾಗದ ಬರೆದರೂ ಏನೂ ಬದಲಾಗಲಿಲ್ಲ. ಗುಂಪಿನ ಪಾಲುದಾರಿಕೆ ಮುರಿಯಲು ಆ ವರ್ಷದ ಡಿಸೆಂಬರ್ 31ಕ್ಕೆ ಪಾಲ್ ಹಾಕಿದ ಕೋರ್ಟ್ ಕೇಸಿನಲ್ಲಿ ಈ ಹಾಡೂ ಒಂದು ದೂರಾಗಿ ನಿಂತಿತು.

ಇನ್ನೊಂದು ಕಡೆ. ‘ಬೀಟಲ್ಸ್ ಯಾರಿಗೂ ಗೊತ್ತಿಲ್ಲದ ಹಾಗೆ ಸ್ಪೆಕ್ಟರ್ ಮಾಡಿದ’ ಅಂತಾರೆ. ಏಪ್ರಿಲ್ 1ರ ಆ ರೆಕಾರ್ಡಿಂಗ್‌ನಲ್ಲಿ ರಿಂಗೋ ಸ್ಟಾರ್ ಖುದ್ದು ಕೂತು ಡ್ರಮ್ ನುಡಿಸಿದ್ದಾನೆ. ಟೇಪು ಕೊಟ್ಟದ್ದು ಜಾನ್ ಮತ್ತು ಜಾರ್ಜ್. ಅಂದರೆ ಮೂವರಿಗೆ ಗೊತ್ತಿತ್ತು, ಒಬ್ಬನಿಗೆ ಅಲ್ಲ. ಜಾನ್ ಅಂತೂ 1970ರ ಕೊನೆಗೆ ಕೊಟ್ಟ ಸಂದರ್ಶನದಲ್ಲಿ, ಕೆಟ್ಟದಾಗಿ ರೆಕಾರ್ಡ್ ಆಗಿದ್ದ ಕಸವನ್ನು ಸ್ಪೆಕ್ಟರ್ ಏನೋ ಒಂದು ಮಾಡಿಕೊಟ್ಟ ಅನ್ನುವ ಅರ್ಥದಲ್ಲಿ ಹೊಗಳಿದ.

ಸ್ಪೆಕ್ಟರ್ ಮಾತನ್ನೂ ತೂಗಬೇಕಲ್ಲ. ನೇಕೆಡ್ ಬಂದ ಸಮಯಕ್ಕೆ ಅವನು ಕೊಟ್ಟ ಏಟು ಇದು: ಈ ಹಾಡುಗಳಿಗೆ ಬಂದ ಆಸ್ಕರ್ ತಗೊಳ್ಳುವಾಗ ಪಾಲ್‌ಗೆ ಏನೂ ತೊಂದರೆ ಆಗಲಿಲ್ಲವಲ್ಲ! ಕೇಳೋಕೆ ಚೆನ್ನಾಗಿದೆ. ನಮ್ಮ ಹುಡುಗ ಇದನ್ನೇ ಬಾಣ ಮಾಡಿಕೊಂಡಿದ್ದ. ಆದರೆ 1971ರ ಆಸ್ಕರ್ ಸಮಾರಂಭಕ್ಕೆ ನಾಲ್ವರಲ್ಲಿ ಒಬ್ಬರೂ ಹೋಗಿರಲಿಲ್ಲ. ಅವರ ಪರವಾಗಿ ತಗೊಂಡವರು ಕ್ವಿನ್ಸಿ ಜೋನ್ಸ್ ಅನ್ನೋ ಸಂಗೀತಗಾರ. ಪಾಲ್ ಖುದ್ದು ವೇದಿಕೆ ಹತ್ತಿದ್ದು ಅದೇ ವರ್ಷದ ಗ್ರಾಮಿ ಅನ್ನೋ ಸಂಗೀತ ಪ್ರಶಸ್ತಿಗೆ. ಮೂವತ್ತು ವರ್ಷದಲ್ಲಿ ಒಂದು ಪ್ರಶಸ್ತಿ ಇನ್ನೊಂದರ ಜಾಗಕ್ಕೆ ಬಂದು ಕೂತಿದೆ. ಸ್ಪೆಕ್ಟರ್ ಮಾತಿನ ಮೊನೆ ಹಾಗೇ ಇದೆ, ವಿವರ ಮಾತ್ರ ಜಾರಿದೆ. ಎರಡನ್ನೂ ಬರೆದಿಡಿ.

ನಮ್ಮ ಕಡೆ ಇದಕ್ಕೆ ಜೋಡಿ ಕಥೆ ಬೇಕಾದರೆ ದುರ್ಗಕ್ಕೆ ಹೋಗಿ. ನನ್ನ ಹೆಂಡತಿ ಚಿತ್ರದುರ್ಗದವಳು. 1972ರ ‘ನಾಗರಹಾವು’ ಸಿನಿಮಾ ಶೂಟಿಂಗ್ ಕೋಟೆಯಲ್ಲಿ ನೋಡಿದ್ದೆ ಅನ್ನೋರನ್ನೆಲ್ಲ ಒಟ್ಟು ಮಾಡಿದರೆ ಏಳು ಸುತ್ತಿನ ಕೋಟೆ ಸಾಲದು. ನಮ್ಮ ಮಾವ ಕೂಡ ಒಬ್ಬರು. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಅದನ್ನು ಮಾಡಿದರು. ನೋಡಿದ ತರಾಸು ‘ಇದು ನಾಗರಹಾವಲ್ಲ, ಕೇರೆಹಾವು’ ಅಂದರಂತೆ. ಈ ಮಾತು ದುರ್ಗದಲ್ಲಿ ಗೊತ್ತಿಲ್ಲದವರಿಲ್ಲ. ಎಲ್ಲಿ ಅಂದರು, ಯಾರ ಮುಂದೆ ಅಂದರು ಅಂತ ಕೇಳಿ ನೋಡಿ. ನಾಲ್ಕು ಜನ ನಾಲ್ಕು ಜಾಗ ತೋರಿಸುತ್ತಾರೆ. ಬರೆದವನಿಗೆ ಒಂದು ನೋವು, ಮತ್ತೆ ಮಾಡಿದವನಿಗೆ ಒಂದು ಹೆಮ್ಮೆ. ಎರಡೂ ಹೊಟ್ಟೆಯಿಂದ ಬಂದ ಮಾತೇ. ಸಿನಿಮಾ ಹೇಗಿದೆ ಅನ್ನೋದಕ್ಕೆ ಮಾತ್ರ ಎರಡೂ ಸಾಕ್ಷಿ ಅಲ್ಲ.

ಯಾರು ಬದುಕಿದ್ದರು ಅನ್ನೋದನ್ನೂ ನೋಡಿ. ನೇಕೆಡ್ ಬಂದಾಗ ಜಾನ್ ಸತ್ತು 23 ವರ್ಷ ಆಗಿತ್ತು, ಜಾರ್ಜ್ ಸತ್ತು ಎರಡು ವರ್ಷ. ಮಾತಾಡೋಕೆ ಉಳಿದವರ ಕಥೆಗೆ ತೂಕ ತಾನಾಗೇ ಜಾಸ್ತಿ ಆಗುತ್ತದೆ. ಸಾಕ್ಷ್ಯಚಿತ್ರಕ್ಕೂ ಇದೇ ಮಾತು. 1970ರ ಸಿನಿಮಾ ನೋಡಿದವರು ‘ಬರೀ ಜಗಳ’ ಅಂದರು. 2021ರದ್ದು ನೋಡಿದವರು ‘ಅಯ್ಯೋ, ಎಷ್ಟು ನಗುತ್ತಾರೆ’ ಅಂದರು. ಎರಡೂ ಅದೇ ಜನವರಿಯ ಫಿಲ್ಮು. ಜಾಕ್ಸನ್ ಕೈಯಲ್ಲಿ ಸುಮಾರು 60 ಗಂಟೆ ಚಿತ್ರ, 150 ಗಂಟೆಗೂ ಜಾಸ್ತಿ ಧ್ವನಿ ಇತ್ತು. ಅದರಲ್ಲಿ 8 ಗಂಟೆ ಆರಿಸಿದ. ಎಂಟು ಗಂಟೆ ಅಂದರೆ ದೊಡ್ಡದೇ, ಆದರೂ ಅದೂ ಕತ್ತರಿಯ ಕೆಲಸವೇ.

ನನ್ನದೇ ಕ್ಯಾಸೆಟ್

ಹುಡುಗರು ನನ್ನನ್ನೂ ಬಿಡಲಿಲ್ಲ. 1986ರಲ್ಲಿ ಮೆಡಿಕಲ್ ಹುಡುಗನೊಬ್ಬ ಈ ಆಲ್ಬಂನ ಎಲ್‌ಪಿ ತಂದಿದ್ದ. ಸಿ-60 ಕ್ಯಾಸೆಟ್‌ಗೆ ತುಂಬಿಸಿಕೊಟ್ಟೆ. ಅಂಗಡಿಗೆ ಅಂತ ಇನ್ನೊಂದು ಕಾಪಿ ಇಟ್ಟುಕೊಂಡೆ. ಮೊದಲ ಸೈಡಿನ ಕೊನೆಗೆ ‘ಮ್ಯಾಗಿ ಮೇ’ ಅಂತ 40 ಸೆಕೆಂಡಿನ ಒಂದು ತುಂಡು ಹಾಡಿದೆ. ಸುಮ್ನೆ ತಮಾಷೆಗೆ ಹಾಡಿದ ಹಾಗಿದೆ. ‘ಇದೇನು ಕಸ’ ಅಂತ ನಾನೇ ಅದನ್ನು ಬಿಟ್ಟೆ. ಮಾರನೇ ದಿನ ಹುಡುಗ ಬಂದು ಕೊನೆಯ ಹಾಡು ಎಲ್ಲಿ ಅಂತ ಜಗಳ ಆಡಿದ. ಹದಿನೇಳು ವರ್ಷ ಬಿಟ್ಟು ನೇಕೆಡ್ ಬಂದಾಗ ನೋಡುತ್ತೇನೆ, ಅವರೂ ಅದನ್ನು ತೆಗೆದಿದ್ದಾರೆ! ‘ಡಿಗ್ ಇಟ್’ ಅನ್ನೋ ಇನ್ನೊಂದು ತುಣುಕಿನ ಜೊತೆಗೆ. ಲಂಡನ್ನಿನವರಿಗೆ 2003ರಲ್ಲಿ ಹೊಳೆದದ್ದು ನನಗೆ ದಾವಣಗೆರೆಯಲ್ಲಿ 1986ರಲ್ಲೇ ಹೊಳೆದಿತ್ತು ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ.

ನನ್ನ ಭಾವಮೈದನ ಕಥೆ ಬೇರೆ. ಅವನು ಆಗ ನನ್ನ ಅಂಗಡಿಯಲ್ಲೇ ಇದ್ದ, ಈಗ ಹರಿಹರದಲ್ಲಿದ್ದಾನೆ. ಫೋನ್ ಮಾಡಿ ಕೇಳಿದರೆ, ‘ನೀವೆಲ್ಲಿ ಇದ್ರಿ ಭಾವ? ದೋಸೆ ತಿನ್ನೋಕೆ ಹೋಗಿದ್ರಿ. ಸೈಡು ಮುಗೀತು ಅಂತ ನಾನೇ ಪಾಸ್ ಒತ್ತಿದೆ’ ಅಂದ.

‘ಉದ್ರಿ, ಉದ್ರಿ’ ಅಂತ ಹುಡುಗರು ಕೂಗಿದರು. ಅಟ್ಟ ಹತ್ತಿದರು. ಬಿಸ್ಕತ್ ಡಬ್ಬಿಯಲ್ಲಿ ಆ ಕಾಪಿ ಸಿಕ್ಕಿತು. ನಿಮಗೂ ಹೀಗೆ ಹಳೇ ಕ್ಯಾಸೆಟ್ ಸಿಕ್ಕರೆ ಕೂಡಲೇ ಪ್ಲೇ ಒತ್ತಬೇಡಿ. ಬಿಳಿ ಬೂಸ್ಟು ಇದೆಯಾ ನೋಡಿ, ಇದ್ದರೆ ಡೆಕ್‌ಗೆ ಹಾಕಲೇಬೇಡಿ. ಟೇಪಿನ ಹಿಂದಿರುವ ಸಣ್ಣ ಸ್ಪಂಜು ಉದುರಿದೆಯಾ ನೋಡಿ. ಪೆನ್ಸಿಲ್ ಹಾಕಿ ನಿಧಾನಕ್ಕೆ ತಿರುಗಿಸಿ ಅಂಟಿದ್ದನ್ನು ಬಿಡಿಸಿ. ಆಮೇಲೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ.

ಒಳಗಿನ ಕಾಗದ ತೆಗೆದು ನೋಡಿದೆವು. ನನ್ನದೇ ಅಕ್ಷರ, ನೀಲಿ ರೀಫಿಲ್. ಮೊದಲ ಸೈಡಿನಲ್ಲಿ ಏಳು ಹಾಡು. ಏಳನೆಯದು ‘ಮ್ಯಾಗಿ ಮೇ’. ಅಂದರೆ ಬರೆಯುವಾಗ ಅದನ್ನು ಬಿಡುವ ಯೋಚನೆಯೇ ನನಗಿರಲಿಲ್ಲ. ಹುಡುಗರು ಹೋ ಅಂದರು. ನಾನು ‘ತಡೀರಿ, ಮೊದಲು ಹೆಸರು ಬರೀತಿದ್ದೆ, ಆಮೇಲೆ ತುಂಬಿಸ್ತಿದ್ದೆ’ ಅಂದೆ. ಅದೂ ನಿಜವೇ.

ಟೇಪು ಹಾಕಿದೆವು. ‘ಲೆಟ್ ಇಟ್ ಬಿ’ ಮುಗಿಯಿತು. ಸ್ವಲ್ಪ ಖಾಲಿ. ಗಿಟಾರ್ ಶುರುವಾಗಿ ಹಾಡುವ ದನಿ ಒಂದು ಪದವೂ ಪೂರ್ತಿ ಆಗಿರಲಿಲ್ಲ, ಟಕ್. ಆಮೇಲೆ ಬರೀ ಸುಯ್ ಅನ್ನೋ ಶಬ್ದ. ಆ ಟಕ್ ಅನ್ನು ನಾಲ್ಕು ಸಲ ಹಿಂದಕ್ಕೆ ಎಳೆದು ಕೇಳಿದೆವು. ಹಾಡು ಶುರುವಾದ ಮೇಲೆ ಬೆರಳು ಬಿದ್ದಿದೆ, ಅಷ್ಟು ನಗದು. ಸ್ಪೆಕ್ಟರ್ ಪಕ್ಷದ ಹುಡುಗ ನೋಟ್‌ಬುಕ್ಕಿನ ಎಡಗಡೆ ‘ಯಾರೋ ಪಾಸ್ ಒತ್ತಿದರು’ ಅಂತ ಬರೆದ. ಬಲಗಡೆ ಎರಡು ಸಾಲು: ಅಂಗಡಿಯವರೇ ಒತ್ತಿದರಂತೆ. ಅವರ ಭಾವಮೈದ ಒತ್ತಿದನಂತೆ.

ಇನ್ನೊಬ್ಬ ಕೆಳಗೆ ಹೋಗಿ ಬಿಸಿ ಮಿರ್ಚಿ ತಂದ.